ಬೇರೆಯವರ ಕಂಪ್ಯೂಟರ್

ನಮ್ಮ ಮನೆಯ ಚಪ್ಪಲಿ ಸ್ಟ್ಯಾಂಡ್ ಮೇಲೆ ಒಂದು ಹಳೇ ಲ್ಯಾಪ್‌ಟಾಪ್ ಇದೆ. ಕೀಬೋರ್ಡಿನ ಎರಡು ಕೀ ಉದುರಿಹೋಗಿವೆ, ಸ್ಕ್ರೀನಿನ ಮೇಲೊಂದು ಅಡ್ಡಗೆರೆ. ಮುಚ್ಚಳ ಮುಚ್ಚಿಕೊಂಡು, ಪಕ್ಕಕ್ಕೊಂದು ಹಾರ್ಡ್ ಡಿಸ್ಕ್ ಕಟ್ಟಿಕೊಂಡು ಹಗಲೂ ರಾತ್ರಿ ಸಣ್ಣಗೆ ಗುಂಯ್ ಅನ್ನುತ್ತಿರುತ್ತೆ. ಮನೆಗೆ ಬಂದವರು ‘ಇದ್ಯಾಕೋ ಇಲ್ಲಿ?’ ಅಂತ ಕೇಳಿದ್ರೆ ‘ಅದು ನಮ್ಮನೆ ಕ್ಲೌಡು’ ಅಂತೀನಿ. ಮೊದಮೊದಲು ಹೀಗೆ ಹೇಳುವಾಗ ಇದ್ದ ಜಂಬ ಈಗ ಅಷ್ಟಿಲ್ಲ. ಯಾಕಿಲ್ಲ ಅಂತ ಹೇಳೋದಕ್ಕೇ ಇದನ್ನ ಬರೀತಿದ್ದೀನಿ.

ಶುರುವಾಗಿದ್ದು ಎಲ್ಲರಿಗೂ ಆಗೋಹಾಗೇ. ಪುಕ್ಕಟೆ ಕೊಟ್ಟಿದ್ದ ಜಾಗ ತುಂಬಿತು, ತಿಂಗಳಿಗಿಷ್ಟು ಕಟ್ಟಿ ಅಂತ ಮೆಸೇಜ್ ಬರೋಕೆ ಶುರುವಾಯ್ತು. ದುಡ್ಡು ದೊಡ್ಡದೇನಲ್ಲ, ಎರಡು ಫಿಲ್ಟರ್ ಕಾಫಿಯಷ್ಟು. ಚುಚ್ಚಿದ್ದು ಬೇರೆ. ಅಮ್ಮನ ಫೋನಿನಲ್ಲಿದ್ದ ಅಜ್ಜಿಯ ಕೊನೇ ವರ್ಷದ ಫೋಟೋಗಳು, ಅಪ್ಪನ ಪಿಂಚಣಿ ಕಾಗದ, ನನ್ನ ಹತ್ತು ವರ್ಷದ ಅಡ್ನಾಡಿ ಫೈಲುಗಳು, ಎಲ್ಲ ನಾನು ನೋಡಿರದ ಊರಿನ, ನೋಡಿರದ ಕಟ್ಟಡದಲ್ಲಿ, ನನ್ನ ಮುಖ ನೋಡಿರದವರ ಕೈಯಲ್ಲಿ ಇವೆಯಲ್ಲ ಅನ್ನೋದು. ನಮ್ಮ ಸಾಫ್ಟ್‌ವೇರ್ ಮಂದಿ ಲ್ಯಾಪ್‌ಟಾಪ್ ಮೇಲೆ ಅಂಟಿಸಿಕೊಳ್ಳೋ ಒಂದು ಸ್ಟಿಕರ್ ಇದೆ, ನೀವೂ ನೋಡಿರ್ತೀರಿ: ಕ್ಲೌಡ್ ಅಂತ ಯಾವುದೂ ಇಲ್ಲ, ಅದು ಬೇರೆಯವರ ಕಂಪ್ಯೂಟರ್ ಅಷ್ಟೇ. ನನ್ನ ಲ್ಯಾಪ್‌ಟಾಪ್ ಮೇಲೂ ಇತ್ತು. ಬೇರೆಯವರ ಕಂಪ್ಯೂಟರ್ ಯಾಕೆ, ನಮ್ಮದೇ ಒಂದಿರಲಿ ಅಂತ ಒಂದು ಲಾಂಗ್ ವೀಕೆಂಡಿನಲ್ಲಿ ಕೂತುಬಿಟ್ಟೆ.

ಹಳೇ ಲ್ಯಾಪ್‌ಟಾಪಿಗೆ ಡೆಬಿಯನ್ 12 ಹಾಕಿದೆ. ಅದರ ಮೇಲೆ ಅಪಾಚೆ, ಮರಿಯಾಡಿಬಿ, ಪಿಎಚ್‌ಪಿ. ಇಷ್ಟರ ಮೇಲೆ ನೆಕ್ಸ್ಟ್‌ಕ್ಲೌಡ್. ಈ ನೆಕ್ಸ್ಟ್‌ಕ್ಲೌಡ್ ಹುಟ್ಟಿದ್ದೇ ಒಂದು ಜಗಳದಂಥ ಬೇರ್ಪಡೆಯಿಂದ. ಫ್ರಾಂಕ್ ಕಾರ್ಲಿಚೆಕ್ ಅನ್ನೋ ಜರ್ಮನಿಯ ಪ್ರೋಗ್ರಾಮರ್ 2010ರಲ್ಲಿ ಓನ್‌ಕ್ಲೌಡ್ ಶುರುಮಾಡಿದ್ರು, 2016ರಲ್ಲಿ ತಾವೇ ಕಟ್ಟಿದ ಕಂಪನಿಯಿಂದ ಹೊರಬಂದು ಅದೇ ಕೋಡ್ ಇಟ್ಟುಕೊಂಡು ನೆಕ್ಸ್ಟ್‌ಕ್ಲೌಡ್ ಮಾಡಿದ್ರು. ಅಣ್ತಮ್ಮಂದಿರು ಪಾಲಾದಾಗ ಮನೆ ನಡುವೆ ಗೋಡೆ ಎಬ್ಬಿಸಬೇಕು, ಮುಕ್ತ ತಂತ್ರಾಂಶದಲ್ಲಿ ಪೂರ್ತಿ ಮನೆಯನ್ನೇ ಇಬ್ಬರೂ ಕಾಪಿ ಮಾಡ್ಕೊಂಡು ಹೋಗಬಹುದು. ಇದೊಂದು ಕಾರಣಕ್ಕೇ ನನಗೆ ಆ ಲೋಕ ಇಷ್ಟ.

ತಾಪತ್ರಯಗಳೇನೂ ಕಮ್ಮಿ ಇರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಳ ಮುಚ್ಚಿದ ಕೂಡಲೇ ಸರ್ವರ್ ನಿದ್ದೆ ಹೋಗ್ತಿತ್ತು, ಸಿಸ್ಟಂನ ಒಂದು ಫೈಲಿನಲ್ಲಿ ಒಂದು ಸಾಲು ಬದಲಾಯಿಸಿದ ಮೇಲೆ ಎಚ್ಚರ ಇರೋದು ಕಲೀತು. ಬ್ಯಾಟರಿ ಇರೋದ್ರಿಂದ ಕರೆಂಟ್ ಹೋದಾಗ ಅದೇ ಯುಪಿಎಸ್, ಆದ್ರೆ ರೌಟರ್ ಸತ್ತಿರುತ್ತಲ್ಲ! ನಮ್ಮ ಬ್ರಾಡ್‌ಬ್ಯಾಂಡಿನವರು ನೂರಾರು ಮನೆಗಳಿಗೆ ಸೇರಿ ಒಂದೇ ಪಬ್ಲಿಕ್ ಐಪಿ ಹಂಚುತ್ತಿದ್ದದ್ದರಿಂದ ತಿಪಟೂರಿನಲ್ಲಿರೋ ಅಮ್ಮನ ಫೋನು ಬೆಂಗಳೂರಿನ ನನ್ನ ಚಪ್ಪಲಿ ಸ್ಟ್ಯಾಂಡ್ ತಲುಪೋಕೆ ದಾರಿಯೇ ಇರಲಿಲ್ಲ. ಕಡೆಗೆ ಬಾಡಿಗೆಯ ಪುಟ್ಟ ಮಷಿನ್ ಒಂದನ್ನ ಮಧ್ಯೆ ಇಟ್ಟು, ವೈರ್‌ಗಾರ್ಡ್ ಸುರಂಗ ತೋಡಿ ಸರಿಮಾಡಿದೆ. ಎಲ್ಲ ಆಯ್ತು ಅಂತ ಬ್ರೌಸರ್ ತೆಗೆದ್ರೆ ನಂಬಿಕೆಯಿಲ್ಲದ ಡೊಮೇನಿನಿಂದ ಬರ್ತಿದ್ದೀರಿ ಅಂತ ಅದು ನನ್ನನ್ನೇ ಹೊರಗೆ ನಿಲ್ಲಿಸಿತು. ಕಾನ್ಫಿಗ್ ಫೈಲಿನಲ್ಲಿ ‘ಟ್ರಸ್ಟೆಡ್ ಡೊಮೇನ್ಸ್’ ಅಂತ ಒಂದು ಪಟ್ಟಿ ಇದೆ, ಯಾವ ವಿಳಾಸವನ್ನು ನಂಬಬೇಕು ಅಂತ ಅದರಲ್ಲಿ ಬರೆದುಕೊಡಬೇಕು. ಬರೆದೆ. ಒಳಗೆ ಬಿಟ್ಟಿತು.

ಹಾಂ, ಇನ್ನೊಂದು. ಡೆಬಿಯನ್‌ನಲ್ಲಿ ಮೊದಲ ಸಲ ‘ಸುಡೊ’ ಅಂತ ಟೈಪ್ ಮಾಡಿದಾಗ, ಅಂದ್ರೆ ಯಜಮಾನನ ಅಧಿಕಾರ ಕೇಳಿದಾಗ, ಅದು ಪಾಸ್‌ವರ್ಡ್ ಕೇಳೋ ಮುಂಚೆ ಒಂದು ಸಣ್ಣ ಉಪದೇಶ ಮಾಡುತ್ತೆ. ಮೂರೇ ಮಾತು. ಬೇರೆಯವರ ಖಾಸಗಿತನವನ್ನು ಗೌರವಿಸು. ಟೈಪ್ ಮಾಡೋ ಮುಂಚೆ ಯೋಚಿಸು. ದೊಡ್ಡ ಅಧಿಕಾರದ ಜೊತೆ ದೊಡ್ಡ ಹೊಣೆಯೂ ಬರುತ್ತೆ. ಮೂರನೇದು ಸ್ಪೈಡರ್‌ಮ್ಯಾನ್ ಡೈಲಾಗ್ ಅಂತ ನಕ್ಕು ಎಂಟರ್ ಹೊಡೆದಿದ್ದು ನೆನಪಿದೆ. ಮೊದಲನೇದನ್ನ ಓದಿದ್ದು ನೆನಪಿಲ್ಲ. ಆ ಉಪದೇಶ ಒಂದೇ ಸಲ ಬರೋದು, ಆಮೇಲೆ ಬರೀ ಪಾಸ್‌ವರ್ಡ್ ಕೇಳುತ್ತೆ.

ಮನೆಯವರಿಗೆಲ್ಲ ಅಕೌಂಟ್ ಮಾಡಿಕೊಟ್ಟೆ. ಅಪ್ಪ, ಅಮ್ಮ, ಹುಬ್ಬಳ್ಳಿಯಲ್ಲಿರೋ ತಂಗಿ. ತಂಗಿ ಮೊದಲು ಒಪ್ಪಲಿಲ್ಲ, ‘ನಂಗೆ ಈಗಿರೋದೇ ಸಾಕು ಮಾರಾಯ’ ಅಂದಳು. ನಾನೇ ಅರ್ಧ ಗಂಟೆ ಭಾಷಣ ಮಾಡಿ, ಕಂಪನಿಗಳು ನಿನ್ನ ಫೋಟೋ ನೋಡ್ತವೆ, ನಿನ್ನ ಬದುಕನ್ನ ಜಾಹೀರಾತಿನವರಿಗೆ ಅಳೆದು ಕೊಡ್ತವೆ, ನಮ್ಮದು ಅಂತ ಒಂದಿದ್ರೆ ಯಾರ ಭಯವೂ ಇಲ್ಲ ಅಂತೆಲ್ಲ ಹೇಳಿ ಒಪ್ಪಿಸಿದೆ. ಅವಳು ತನ್ನ ಫೋನು, ತನ್ನ ಕಾಗದಪತ್ರ ಎಲ್ಲ ಇಲ್ಲಿಗೆ ತಂದಳು. ಅಣ್ಣ ಹೇಳಿದ ಅಂತ.

ಒಂದು ವರ್ಷ ಚೆನ್ನಾಗೇ ನಡೀತು. ಕಳೆದ ವರ್ಷ ಗೌರಿ ಹಬ್ಬ ಕಳೆದು ಮೂರು ವಾರ ಆಗಿರಬೇಕು, ಒಂದು ಭಾನುವಾರ ಡಿಸ್ಕ್ ಶೇಕಡಾ 90 ದಾಟಿದೆ ಅಂತ ಎಚ್ಚರಿಕೆ ಬಂತು. ಯಾರದ್ದು ಎಷ್ಟು ಜಾಗ ತಿಂದಿದೆ ನೋಡೋಣ ಅಂತ ಕೂತೆ. ನೆಕ್ಸ್ಟ್‌ಕ್ಲೌಡ್ ತನ್ನ ಡೇಟಾ ಫೋಲ್ಡರನ್ನ ಬೇರೆಯವರು ಇಣುಕದಹಾಗೆ ಬೀಗ ಹಾಕಿಟ್ಟಿರುತ್ತೆ, ಸುಡೊ ಬೇಕು. ಹಾಕಿದೆ. ಒಬ್ಬೊಬ್ಬರ ಹೆಸರಿನ ಫೋಲ್ಡರೂ, ಅದರ ಗಾತ್ರವೂ ಸಾಲಾಗಿ ಬಂತು. ಜಾಸ್ತಿ ತಿಂದಿದ್ದವನು ನಾನೇ. ಕೆಲಸ ಅಲ್ಲಿಗೆ ಮುಗೀಬೇಕಿತ್ತು. ಆದರೆ ಕೈಗೆ ಅಭ್ಯಾಸ ನೋಡಿ, ಇನ್ನೆರಡು ಮೆಟ್ಟಿಲು ಒಳಗಿನವರೆಗೂ ತೋರಿಸು ಅಂತ ಕಮಾಂಡ್ ಕೊಟ್ಟೆ. ಎಲ್ಲರ ಫೋಲ್ಡರಿನ ಒಳಗಿನ ಫೋಲ್ಡರಿನ ಹೆಸರುಗಳು ಸ್ಕ್ರೀನ್ ತುಂಬಾ ಹರಿದವು. ತಂಗಿಯ ಕಸದಬುಟ್ಟಿಯಲ್ಲಿ ಒಂದು ಫೋಲ್ಡರ್ ಇತ್ತು.

ಅದರ ಹೆಸರೇನು ಅಂತ ಇಲ್ಲಿ ಬರೆಯಲ್ಲ. ಇದನ್ನ ಬರೀಲಾ ಅಂತ ಅವಳನ್ನ ಕೇಳಿದಾಗ ಅವಳು ಹಾಕಿದ ಷರತ್ತು ಅದೊಂದೇ. ಹೆಸರು ಓದಿದ್ರೆ ಸಾಕು, ಒಳಗೇನಿದೆ ಅಂತ ಯಾರಿಗಾದ್ರೂ ತಿಳಿಯೋಹಾಗಿತ್ತು, ಅಪ್ಪ ಅಮ್ಮನಿಗೂ ನನಗೂ ಗೊತ್ತೇ ಇರದ ಒಂದು ಸಂಗತಿ ಅವಳ ಬದುಕಿನಲ್ಲಿ ನಡೀತಿತ್ತು ಅಂತ ಅರ್ಥವಾಗೋಹಾಗಿತ್ತು, ಇಷ್ಟು ಸಾಕು.

ನಾನು ಅದನ್ನ ಓಪನ್ ಮಾಡಲಿಲ್ಲ. ಇದನ್ನ ನಿಮಗೆ ಹೇಳುವಾಗಲೂ ಏನೋ ಸಾಧನೆ ಮಾಡಿದಂಥ ಧ್ವನಿ ಬರ್ತಿದೆ, ನೋಡಿ. ಆದರೆ ಇನ್ನೊಂದು ಮಾಡಿದೆ. ನೆಕ್ಸ್ಟ್‌ಕ್ಲೌಡಿನಲ್ಲಿ ಏನಾದ್ರೂ ಡಿಲೀಟ್ ಮಾಡಿದ್ರೆ ಅದು ತಕ್ಷಣ ಹೋಗಲ್ಲ, ಸಾಮಾನ್ಯವಾಗಿ 30 ದಿನ ಕಸದಬುಟ್ಟಿಯಲ್ಲಿರುತ್ತೆ, ಹೆಸರಿನ ಕೊನೆಗೆ ಡಿಲೀಟ್ ಮಾಡಿದ ಹೊತ್ತು ಅಂಟಿಕೊಂಡಿರುತ್ತೆ. 1970ರ ಜನವರಿ 1ರಿಂದ ಎಷ್ಟು ಸೆಕೆಂಡು ಕಳೀತು ಅನ್ನೋ ಹತ್ತಂಕಿಯ ಸಂಖ್ಯೆ. ಮನುಷ್ಯರು ಓದೋಕಾಗಲ್ಲ. ನಾನು ಆ ಸಂಖ್ಯೆಯನ್ನ ಕಾಪಿ ಮಾಡಿ ದಿನಾಂಕಕ್ಕೆ ಬದಲಾಯಿಸಿ ನೋಡಿದೆ. ಗೌರಿ ಹಬ್ಬದ ಹಿಂದಿನ ರಾತ್ರಿ, 1 ಗಂಟೆ 40 ನಿಮಿಷ. ಅವತ್ತು ಅವಳು ತಿಪಟೂರಿನಲ್ಲೇ ಇದ್ದಳು, ನಾನು ಹಾಲಿನಲ್ಲಿ ಮಲಗಿದ್ದೆ, ಅವಳು ಅಮ್ಮನ ರೂಮಿನಲ್ಲಿ. ಮಾರನೇ ಬೆಳಿಗ್ಗೆ ಅಮ್ಮನಿಂದ ಬಾಗಿನ ತಗೊಂಡು, ರೇಷ್ಮೆ ಸೀರೆಯಲ್ಲಿ ನಗ್ತಾ ನಿಂತಿದ್ದ ಫೋಟೋವನ್ನ ತೆಗೆದವನು ನಾನೇ. ಅದೂ ಇದೇ ಸರ್ವರಿನಲ್ಲಿದೆ.

ಒಂದು ಕಸವನ್ನ ಎಸೆದಿದ್ದಳು ಅವಳು. ಎಸೆದದ್ದನ್ನ ನನ್ನ ಮಷಿನ್ನು ಎತ್ತಿಟ್ಟುಕೊಂಡಿತ್ತು, ಸೆಕೆಂಡಿನ ಲೆಕ್ಕ ಸಮೇತ.

ಇಲ್ಲಿ ನಮ್ಮಜ್ಜಿಯ ಕತೆ ಹೇಳಬೇಕು. ಅಜ್ಜಿ ದುಡ್ಡು ಇಡ್ತಿದ್ದದ್ದು ಅಡುಗೆಮನೆಯ ಸಾಸಿವೆ ಡಬ್ಬಿಯಲ್ಲಿ. ಹಾಲು ಮೊಸರು ಮಾರಿ, ಬೇಳೆಯಲ್ಲಿ ಉಳಿಸಿ ಕೂಡಿಟ್ಟ ದುಡ್ಡು. ನಮ್ಮ ಸೋದರತ್ತೆ ಟಿಸಿಎಚ್ ಓದಿದ್ದು ಆ ಡಬ್ಬಿಯಿಂದ. ಊರಿನಲ್ಲಿ ಪೋಸ್ಟಾಫೀಸ್ ಇತ್ತು, ಅಲ್ಲೊಂದು ಪಾಸ್‌ಬುಕ್ ಮಾಡಿಸೋಕೆ ಅಡ್ಡಿ ಏನಿತ್ತು? ಪೋಸ್ಟ್‌ಮಾಸ್ಟರು ತಾತನ ಜೊತೆ ಇಸ್ಪೀಟ್ ಆಡ್ತಿದ್ರು, ಅದು ಅಡ್ಡಿ. ತಾತ ಕೆಟ್ಟವರಲ್ಲ. ಕೇಳಿದ್ರೆ ಫೀಸು ತಾವೇ ಕೊಡ್ತಿದ್ರೇನೋ. ಆದ್ರೆ ಕೇಳದೇ ಕೊಡಬಲ್ಲ ಒಂದಿಷ್ಟು ತನ್ನದಾಗಿರಬೇಕು ಅಂತ ಅಜ್ಜಿಗೆ.

ಒಂದು ದಿನ ತಾತ ಊಟಕ್ಕೆ ಕೂತಾಗ ‘ನಮ್ಮನೇಲಿ ಸಾಸಿವೆ ಖರ್ಚೇ ಆಗಲ್ಲಪ್ಪ’ ಅಂದ್ರಂತೆ. ಅಷ್ಟೇ. ತಮಾಷೆಗೆ ಅಂದದ್ದು, ಗೊತ್ತಿದ್ದರೂ ನಾನು ಕೈಹಾಕಿಲ್ಲ ನೋಡು ಅನ್ನೋ ಪ್ರೀತಿಯೂ ಅದರಲ್ಲಿತ್ತು ಅಂತ ಅಪ್ಪ ಇವತ್ತಿಗೂ ವಾದ ಮಾಡ್ತಾರೆ. ಒಂದು ಪೈಸೆಯೂ ಕಮ್ಮಿಯಾಗಿರಲಿಲ್ಲ. ಆದರೆ ಅತ್ತೆ ಹೇಳ್ತಾರೆ, ಅವತ್ತು ಸಂಜೆಯೇ ಅಜ್ಜಿ ಡಬ್ಬಿ ಖಾಲಿ ಮಾಡಿದ್ರಂತೆ. ಆಮೇಲೆ ಎಲ್ಲಿಡ್ತಿದ್ರೋ ಮಗಳಿಗೂ ತಿಳೀಲಿಲ್ಲ.

ನಾನೂ ತಾತನ ಮೊಮ್ಮಗನೇ. ಆ ಭಾನುವಾರ ರಾತ್ರಿ ತಂಗಿಗೆ ಫೋನ್ ಮಾಡಿದೆ. ಸುಮ್ಮನೆ ಮಾಡಿದಹಾಗೆ. ‘ಅಲ್ಲೆಲ್ಲ ಸರಿಯಾಗಿದೆ ತಾನೆ? ಏನಿದ್ರೂ ನಂಗೆ ಹೇಳ್ಬೇಕು, ಆಯ್ತಾ?’ ಅಂದೆ. ನಾನು ಹಾಗೆಲ್ಲ ಮಾತಾಡೋನೇ ಅಲ್ಲ. ಅವಳು ಒಂದು ಕ್ಷಣ ಸುಮ್ಮನಿದ್ದು ‘ಯಾಕೆ, ಏನಾಯ್ತು?’ ಅಂದಳು. ಏನಿಲ್ಲ, ಹಂಗೇ ಅಂದೆ. ಮುಂದಿನ ಕೆಲವು ವಾರ ನಾನು ಅವಳ ಪ್ರತಿ ಮಾತನ್ನೂ ಆ ಫೋಲ್ಡರಿನ ಹೆಸರಿಗೆ ಹೊಂದಿಸಿ ಕೇಳ್ತಿದ್ದೆ. ಬೇಡ ಅಂದ್ರೂ ಆಗ್ತಿರಲಿಲ್ಲ. ನೋಡಿದ್ದನ್ನ ನೋಡದೇ ಇರೋಹಾಗೆ ಮಾಡೋ ಕಮಾಂಡ್ ಯಾವ ಲಿನಕ್ಸಿನಲ್ಲೂ ಇಲ್ಲ.

ಈ ನಡುವೆ ನನ್ನನ್ನ ಕಾಡಿದ ಪ್ರಶ್ನೆ ಇದು. ಖಾಸಗಿತನ ಅಂತ ನಾನು ಅಷ್ಟೊಂದು ಭಾಷಣ ಮಾಡಿದ್ನಲ್ಲ, ಯಾರಿಂದ ಖಾಸಗಿತನ? ನನ್ನ ಮಟ್ಟಿಗೆ ಅದು ದೊಡ್ಡ ಕಂಪನಿಯಿಂದ, ಸರ್ಕಾರದಿಂದ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 80 ದಾಟಿದ ವಯಸ್ಸಿನಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದದ್ದು, 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದದ್ದು, ಇದನ್ನೆಲ್ಲ ನಾನು ಕಾಫಿ ಬ್ರೇಕಿನಲ್ಲಿ ಎಷ್ಟು ಸಲ ಹೇಳಿಲ್ಲ! ಆದರೆ ತಂಗಿಯ ಜಾಗದಲ್ಲಿ ನಿಂತು ನೋಡಿ. ಅವಳಿಗೆ ಆ ಫೋಲ್ಡರನ್ನ ಯಾರು ನೋಡಬಾರದಾಗಿತ್ತು? ಕ್ಯಾಲಿಫೋರ್ನಿಯಾದ ಯಾವನೋ ಎಂಜಿನಿಯರ್ ನೋಡಿದ್ರೆ ಅವಳಿಗೇನು? ಅವನು ಗೌರಿ ಹಬ್ಬಕ್ಕೆ ಮನೆಗೆ ಬರಲ್ಲ, ಅಮ್ಮನ ಹತ್ತಿರ ಬಾಯಿ ಜಾರಲ್ಲ, ಫೋನ್ ಮಾಡಿ ‘ಎಲ್ಲ ಸರಿ ಇದೆ ತಾನೆ’ ಅನ್ನಲ್ಲ. ನೋಡಬಾರದಾಗಿದ್ದವರು ಜಗತ್ತಿನಲ್ಲಿ ನಾಲ್ಕೈದು ಜನ. ನಾನು ಆ ಫೋಲ್ಡರನ್ನ ಕೋಟ್ಯಂತರ ಅಪರಿಚಿತರಿಂದ ಬಿಡಿಸಿ ತಂದು ಆ ನಾಲ್ಕೈದು ಜನರಲ್ಲಿ ಒಬ್ಬನ ಚಪ್ಪಲಿ ಸ್ಟ್ಯಾಂಡ್ ಮೇಲೆ ಇಟ್ಟಿದ್ದೆ. ಅವಳ ಕಡೆಯಿಂದ ನೋಡಿದ್ರೆ ನನ್ನ ಸ್ಟಿಕರ್ ನನ್ನ ಸರ್ವರಿಗೇ ಅಂಟಬೇಕಿತ್ತು.

ಕಾನೂನಿನಲ್ಲೂ ಇದಕ್ಕೆ ಜಾಗ ಇಲ್ಲ ಅಂತ ಆಮೇಲೆ ಓದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 3ನೇ ಸೆಕ್ಷನ್ನು, ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಮಟ್ಟಿನ ಉದ್ದೇಶಕ್ಕೆ ಬಳಸೋ ಮಾಹಿತಿಗೆ ಈ ಕಾಯ್ದೆ ಅನ್ವಯಿಸಲ್ಲ ಅನ್ನುತ್ತೆ. ಸರಿಯೇ, ಅಮ್ಮನ ಫೋಟೋ ಇಟ್ಟುಕೊಳ್ಳೋಕೆ ನಾನು ಒಪ್ಪಿಗೆ ಪತ್ರ ಬರೆಸ್ಕೋಬೇಕು ಅಂದ್ರೆ ಸಂಸಾರ ನಡೆದಹಾಗೇ. ಆದರೆ ಅದರರ್ಥ, ಕಂಪನಿಯೊಂದು ಅವಳ ಫೈಲಿಗೆ ಕೈಹಾಕಿದ್ರೆ ದೂರು ಕೊಡೋಕೆ ಬಾಗಿಲಿದೆ, ಅಣ್ಣ ಹಾಕಿದ್ರೆ ಇಲ್ಲ. ದೂರು ಕೊಡೋ ಮಾತು ಬಿಡಿ, ಅವಳಿಗೆ ಗೊತ್ತೇ ಆಗ್ತಿರಲಿಲ್ಲ. ನೆಕ್ಸ್ಟ್‌ಕ್ಲೌಡಿನ ಚಟುವಟಿಕೆ ಪಟ್ಟಿಯಲ್ಲಿ ಯಾರು ಏನು ಅಪ್‌ಲೋಡ್ ಮಾಡಿದ್ರು, ಯಾವುದನ್ನ ಶೇರ್ ಮಾಡಿದ್ರು ಎಲ್ಲ ಬರುತ್ತೆ. ಯಜಮಾನ ಹಿತ್ತಲ ಬಾಗಿಲಿಂದ ಟರ್ಮಿನಲ್‌ನಲ್ಲಿ ಇಣುಕಿದ್ದು ಅಲ್ಲಿ ಬರಲ್ಲ.

ಹಾಗಾದ್ರೆ ತಾಂತ್ರಿಕವಾಗಿ ಏನಾದ್ರೂ ಮಾಡಬಹುದಲ್ಲ ಅಂತೀರಿ. ನಾನೂ ಅಲ್ಲಿಗೇ ಓಡಿದೆ, ನಮ್ಮ ಜಾತಿಯವರು ಮನಸ್ಸು ಕೆಟ್ಟಾಗ ಡಾಕ್ಯುಮೆಂಟೇಶನ್ ಓದ್ತೀವಿ. ಸರ್ವರ್ ಕಡೆಯ ಎನ್‌ಕ್ರಿಪ್ಷನ್ ಅಂತ ಒಂದಿದೆ, ಅದರಲ್ಲಿ ಬೀಗ ಕೀಲಿ ಎರಡೂ ಅದೇ ಸರ್ವರಿನಲ್ಲೇ ಇರ್ತವೆ, ಯಜಮಾನ ಮನಸ್ಸು ಮಾಡಿದ್ರೆ ತೆಗೀಬಹುದು. ಇನ್ನೊಂದು, ಎಂಡ್ ಟು ಎಂಡ್. ಕೀಲಿ ಬಳಕೆದಾರರ ಫೋನು, ಕಂಪ್ಯೂಟರಿನಲ್ಲೇ ಹುಟ್ಟುತ್ತೆ, 12 ಪದಗಳ ಒಂದು ಗುಟ್ಟಿನ ಸಾಲು ಕೊಡುತ್ತೆ, ನನ್ನ ಕೈಗೆ ಬರೀ ಗೊಜ್ಜು ಸಿಗುತ್ತೆ. ಆದರೆ ಆ 12 ಪದ ಕಳೆದುಹೋಗಿ ಫೋನೂ ಹಾಳಾದ್ರೆ ಮುಗೀತು, ನಾನು ತಲೆಕೆಳಗಾಗಿ ನಿಂತರೂ ವಾಪಸ್ ಬರಲ್ಲ.

ಅಮ್ಮನಿಗೆ ಇದನ್ನ ಹೇಗೆ ಕೊಡೋದು? ಅಮ್ಮ ತಿಂಗಳಿಗೊಂದು ಸಲ ಪಾಸ್‌ವರ್ಡ್ ಮರೀತಾರೆ. ಅಜ್ಜಿಯ ಫೋಟೋಗಳನ್ನ ಒಮ್ಮೆ ತಾವೇ ಅಳಿಸಿ, ಅತ್ತು, ನಾನು ಕಸದಬುಟ್ಟಿಯಿಂದ ಎತ್ತಿಕೊಟ್ಟಾಗ ದೇವರಿಗೆ ತುಪ್ಪದ ದೀಪ ಹಚ್ಚಿದ್ರು. ಅಂದ್ರೆ ತಂಗಿಯ ವಿಷಯದಲ್ಲಿ ನನ್ನನ್ನ ಕಳ್ಳನನ್ನಾಗಿ ಮಾಡಿದ ಅದೇ ಕಸದಬುಟ್ಟಿ ಅಮ್ಮನ ವಿಷಯದಲ್ಲಿ ನನ್ನನ್ನ ದೇವರ ಪಕ್ಕ ಕೂರಿಸಿತ್ತು. ಕಳೆದದ್ದನ್ನ ಹುಡುಕಿಕೊಡಬೇಕಾದ್ರೆ ಒಳಗೆ ಹೋಗೋಕಾಗಬೇಕು. ಒಳಗೆ ಹೋಗೋಕಾಗೋವನು ನೋಡಲ್ಲ ಅನ್ನೋದಕ್ಕೆ ಅವನ ಮಾತೊಂದೇ ಸಾಕ್ಷಿ. ಇದರಲ್ಲಿ ಯಾವುದು ಬೇಕು ಅಂತ ಅಮ್ಮನನ್ನೂ ತಂಗಿಯನ್ನೂ ಬೇರೆಬೇರೆಯಾಗಿ ಕೇಳಬೇಕಿತ್ತು. ನಾನು ಯಾರನ್ನೂ ಕೇಳದೇ ಎಲ್ಲರಿಗೂ ಒಂದೇ ಅಳತೆಯ ಮನೆ ಕಟ್ಟಿಸಿ, ಎಲ್ಲಾ ರೂಮಿನ ಕೀಲಿಯೂ ನನ್ನ ಉಡಿದಾರಕ್ಕೆ ಕಟ್ಟಿಕೊಂಡಿದ್ದೆ.

ದೀಪಾವಳಿಗೆ ಎಲ್ಲ ಸೇರಿದಾಗ, ಮಕ್ಕಳು ಹೊರಗೆ ಪಟಾಕಿ ಹಚ್ಚೋವಾಗ, ಅವಳಿಗೆ ಹೇಳಿಬಿಟ್ಟೆ. ಹೇಳಬೇಕಾ ಬೇಡವಾ ಅಂತ ಒಂದು ತಿಂಗಳು ಒದ್ದಾಡಿದ್ದೆ. ಹೇಳಿದ್ರೆ ನನ್ನ ಭಾರ ಇಳಿಯುತ್ತೆ, ಅವಳಿಗೆ ಭಾರ ಏರುತ್ತೆ, ಹಾಗಾಗಿ ಹೇಳೋದು ಪ್ರಾಮಾಣಿಕತೆಯೋ ಸ್ವಾರ್ಥವೋ ಅಂತ. ಈಗಲೂ ಪೂರ್ತಿ ತೀರ್ಮಾನವಾಗಿಲ್ಲ. ಆದರೆ ಅವಳು ತನ್ನ ಹೊಸ ಕಾಗದಗಳನ್ನ ಇನ್ನೂ ಅಲ್ಲೇ ಇಡ್ತಿರಬಹುದಲ್ಲ, ಯಾರೂ ನೋಡಲ್ಲ ಅಂದುಕೊಂಡು. ಅದನ್ನ ಸಹಿಸೋಕಾಗಲಿಲ್ಲ.

ಅವಳು ಬೈಯಲಿಲ್ಲ. ‘ಓಪನ್ ಮಾಡಿದ್ಯಾ?’ ಅಂದಳು.

‘ಇಲ್ಲ.’

‘ನಂಬ್ತೀನಿ.’ ಸ್ವಲ್ಪ ಹೊತ್ತು ಬಿಟ್ಟು, ‘ನಂಬ್ದೇ ಇದ್ರೆ ಬೇರೆ ದಾರಿ ಇಲ್ವಲ್ಲ, ಅದೇ ಬೇಜಾರು’ ಅಂದಳು. ಆಮೇಲೆ, ‘ಈಗ ಪೂರ್ತಿ ಹೋಗಿದ್ಯಾ ಅದು?’

30 ದಿನ ಕಳೆದು ಕಸದಬುಟ್ಟಿಯಿಂದ ಹೋಗಿತ್ತು. ಆದರೆ ನಾನು ಶಿಸ್ತಿನ ಮನುಷ್ಯ, ಮೂರು ಕಾಪಿ ಇರಬೇಕು, ಒಂದು ಬೇರೆ ಊರಿನಲ್ಲಿರಬೇಕು ಅನ್ನೋ ನಿಯಮ ಪಾಲಿಸೋನು. ಅಪ್ಪನ ಬೀರುವಿನಲ್ಲಿ, ನಾವು ಕೂತಿದ್ದ ಜಾಗಕ್ಕೆ ಎಂಟು ಅಡಿ ದೂರದಲ್ಲಿ, ಬ್ಯಾಕಪ್ ಡಿಸ್ಕ್ ಇತ್ತು. ಅದರಲ್ಲಿ ಆ ಫೋಲ್ಡರ್ ಇತ್ತು. ಅಳಿಸೋಕೆ ನಾನು ಮತ್ತೆ ಅದರ ಹೆಸರನ್ನ ನನ್ನ ಕೈಯಾರೆ ಟೈಪ್ ಮಾಡಬೇಕಿತ್ತು. ಲ್ಯಾಪ್‌ಟಾಪನ್ನ ಅವಳ ಕಡೆ ತಿರುಗಿಸಿ, ಕಮಾಂಡ್ ಹೇಳಿಕೊಟ್ಟೆ. ಅವಳೇ ಟೈಪ್ ಮಾಡಿದಳು. ನಾನು ಕಿಟಕಿ ಕಡೆ ಮುಖ ಮಾಡಿ ಕೂತಿದ್ದೆ, ನಾಟಕದಹಾಗೆ ಇತ್ತು, ಆದರೂ ಕೂತಿದ್ದೆ.

ಅವಳು ಕಾಗದಪತ್ರ ಎಲ್ಲ ಮತ್ತೆ ಹಳೇ ಕಂಪನಿಯ ಕ್ಲೌಡಿಗೇ ಒಯ್ದಳು, ತಿಂಗಳಿಗೆ ದುಡ್ಡು ಕಟ್ತಾಳೆ. ‘ಅಲ್ಲಿ ಯಾರೂ ನಂಗೆ ಅಣ್ಣ ಅಲ್ಲ’ ಅಂತ ನಕ್ಕಳು. ಆ ಕಂಪನಿಯ ಬಗ್ಗೆ ನಾನು ಹೇಳಿದ್ದೆಲ್ಲ ಇವತ್ತಿಗೂ ನಿಜ ಅಂತಲೇ ನನ್ನ ನಂಬಿಕೆ, ನನ್ನ ಫೈಲುಗಳು ಅಲ್ಲಿಗೆ ಹೋಗಲ್ಲ. ಆದರೆ ಅವಳಿಗೆ ಮತ್ತೆ ಭಾಷಣ ಮಾಡಲಿಲ್ಲ. ಹಬ್ಬದ ಫೋಟೋಗಳನ್ನ ಮಾತ್ರ ಇಲ್ಲಿಗೆ ಹಾಕ್ತಾಳೆ, ಎಲ್ಲರೂ ನೋಡಲಿ ಅಂತ.

ಈಗ ಡಿಸ್ಕ್ ತುಂಬಿದಾಗ ಬರೀ ಹೆಸರಿಗೊಂದು ಮೊತ್ತ ತೋರಿಸೋ ಸಣ್ಣ ಸ್ಕ್ರಿಪ್ಟ್ ಬರೆದಿಟ್ಟಿದ್ದೀನಿ. ಅದನ್ನ ಬಿಟ್ಟು ಬೇರೆ ಕಮಾಂಡ್ ಕೊಡೋಕೆ ನನ್ನನ್ನ ತಡೆಯೋರು ಯಾರೂ ಇಲ್ಲ. ಸುಡೊ ಪ್ರತಿ ಸಲವೂ ಆ ಉಪದೇಶ ತೋರಿಸೋಹಾಗೆ ಸೆಟ್ಟಿಂಗ್ ಬದಲಾಯಿಸಿದ್ದೀನಿ, ಎರಡು ವಾರಕ್ಕೆ ಕಣ್ಣಿಗೆ ಬೀಳೋದೇ ನಿಂತುಹೋಯ್ತು, ಅದು ಬೇರೆ ವಿಷಯ.

ಮೊನ್ನೆ ಅಮ್ಮ ಫೋನ್ ಮಾಡಿದ್ರು. ಪಾಸ್‌ವರ್ಡ್ ಮತ್ತೆ ಮರೆತಿದ್ರು. ಹೊಸದು ಮಾಡಿಕೊಟ್ಟು, ಇದನ್ನ ಎಲ್ಲಾದ್ರೂ ಬರೆದಿಟ್ಕೊಳ್ಳಿ, ನಂಗೂ ಹೇಳಬೇಡಿ ಅಂದೆ. ‘ನಿನ್ಗೆ ಹೇಳ್ದೇ ಇನ್ಯಾರಿಗೆ ಹೇಳ್ಲಿ? ನೀನೇ ಬರೆದಿಟ್ಕೊಳೋ’ ಅಂತ ಫೋನ್ ಇಟ್ಟುಬಿಟ್ರು.